ಎಲ್ಲಕ್ಕೂ ‘ವಯಸ್ಸಾಯಿತಲ್ಲ’ ಎಂದರೆ ಹೇಗೆ?

ಮಾನ್ಯ ಸಂಪಾದಕರೇ,

ಹಿರಿಯರ ಖಿನ್ನತೆಯ ಬಗ್ಗೆ ಬರೆದಾಗಲೆಲ್ಲ ನೀವು ಕಿಟಕಿ ಬದಿಯಲ್ಲಿ ಒಂಟಿಯಾಗಿ ಕುಳಿತ ಅಜ್ಜಿಯ ಚಿತ್ರ ಹಾಕುತ್ತೀರಿ. ನನಗೆ 71 ವರ್ಷ. ನಮ್ಮದು ಮನೆ ತುಂಬ ಜನ.

ನಿಮ್ಮ ಪದಬಂಧವನ್ನು ನಾನು ತುಂಬುವುದು ಪೆನ್ನಿನಲ್ಲೇ. ಪೆನ್ಸಿಲ್ ಹಿಡಿದರೆ ಸೋತಂತೆ ಎಂಬ ಜಂಬ. ಕಳೆದ ವರ್ಷ ಮಗಳು ರದ್ದಿ ಕಟ್ಟುವಾಗ ನೋಡಿದರೆ ಮೂರು ತಿಂಗಳ ಪದಬಂಧಗಳು ಖಾಲಿ. ಎಷ್ಟೋ ಪತ್ರಿಕೆಗಳ ಮಡಿಕೆಯನ್ನೇ ಬಿಚ್ಚಿರಲಿಲ್ಲ. ನಾನು ಅತ್ತವಳಲ್ಲ, ಗೋಳು ತೋಡಿಕೊಂಡವಳೂ ಅಲ್ಲ. ಸುಸ್ತು, ಮೈಕೈ ನೋವು, ನಿದ್ದೆಯಿಲ್ಲ ಎನ್ನುತ್ತಿದ್ದೆ. ಎಲ್ಲರೂ ‘ವಯಸ್ಸಾಯಿತಲ್ಲ’ ಎಂದರು. ನಾನೂ ಹೂಂ ಎಂದೆ.

ಮಗಳು ಬಿಡಲಿಲ್ಲ. ವೈದ್ಯರು 15 ಪ್ರಶ್ನೆ ಕೇಳಿದರು. ಹೌದು ಅಥವಾ ಇಲ್ಲ, ಅಷ್ಟೇ ಉತ್ತರ. ವೃದ್ಧರಿಗಾಗಿಯೇ 1980ರ ದಶಕದಲ್ಲಿ ರೂಪಿಸಿದ ಪಟ್ಟಿಯಂತೆ. ನಿದ್ದೆ, ಹಸಿವಿನ ಮಾತೇ ಅದರಲ್ಲಿಲ್ಲ. ಈ ವಯಸ್ಸಿನಲ್ಲಿ ಅವು ಕೆಡಲು ಬೇರೆ ನೂರು ಕಾರಣಗಳಿವೆ. ಇಷ್ಟಪಟ್ಟು ಮಾಡುತ್ತಿದ್ದುದನ್ನು ಬಿಟ್ಟಿದ್ದೀರಾ ಎಂದು ಕೇಳಿದಾಗ ಆ ಖಾಲಿ ಚೌಕಗಳು ಕಣ್ಣಿಗೆ ಕಟ್ಟಿ, ಉತ್ತರ ಹೊರಡಲಿಲ್ಲ.

ಖಿನ್ನತೆಯಿರುವುದು ನಿಜ ಎಂದ ವೈದ್ಯರು ಥೈರಾಯ್ಡ್, ಬಿ12 ಕೂಡ ಪರೀಕ್ಷೆ ಮಾಡಿಸಿದರು. ಅವು ಏರುಪೇರಾದರೂ ಮನಸ್ಸಿಗೆ ಮಂಕು ಕವಿಯುತ್ತದೆ. ನನಗೆ ಬಿ12 ಕಡಿಮೆಯಿತ್ತು. ಕಿವಿಯೂ ಮಂದ. ಅದನ್ನು ಮುಚ್ಚಿಟ್ಟವಳು ನಾನೇ. ಎಲ್ಲರೂ ನಕ್ಕಾಗ ನಗುತ್ತಿದ್ದೆ, ಏನು ಹೇಳಿದರೆಂದು ಗೊತ್ತಿಲ್ಲದೆ. ಮೆಲ್ಲಗೆ ಕೋಣೆ ಸೇರುವುದೇ ಸುಲಭವೆನಿಸಿತು.

ಇನ್ನೊಂದು ಕಾರಣವನ್ನು ಯಾರೂ ಕೇಳಿರಲಿಲ್ಲ. ಪಾರ್ಶ್ವವಾಯು ಹೊಡೆದು ಮಲಗಿದ ಯಜಮಾನರನ್ನು ನಾಲ್ಕು ವರ್ಷ ನೋಡಿಕೊಂಡೆ. ಬೆನ್ನಿನಲ್ಲಿ ಹುಣ್ಣಾಗದಿರಲು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅವರು ಹೋಗಿ ವರ್ಷವಾದರೂ ಎರಡು ಗಂಟೆಗೊಮ್ಮೆ ಎಚ್ಚರವಾಗುತ್ತಿತ್ತು. ಕೈ ಪಕ್ಕದ ಹಾಸಿಗೆಯನ್ನು ತಡವುತ್ತಿತ್ತು. ‘ಇನ್ನಾದರೂ ವಿಶ್ರಾಂತಿ ತಗೋ’ ಎಂದು ಎಲ್ಲ ಕೆಲಸವನ್ನೂ ನನ್ನ ಕೈಯಿಂದ ಕಿತ್ತುಕೊಂಡರು. ಪ್ರೀತಿಯಿಂದಲೇ. ಆದರೆ ಆ ವಿಶ್ರಾಂತಿಯಲ್ಲೇ ನಾನು ಮುಳುಗಿದ್ದು.

ಖಿನ್ನತೆ ಪುರುಷರಿಗಿಂತ ಮಹಿಳೆಯರಲ್ಲಿ ಸುಮಾರು ಒಂದೂವರೆ ಪಟ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದನ್ನು ನೀವೂ ಅಚ್ಚು ಹಾಕುತ್ತೀರಿ. ‘ಊಟ ಆಯಿತಾ, ಮಾತ್ರೆ ಆಯಿತಾ’ ಎಂಬ ಎರಡು ಪ್ರಶ್ನೆಗಳಲ್ಲೇ ಅಮ್ಮನ ದಿನ ಮುಗಿಸುವ ಮಕ್ಕಳಿಗೆ, ಅವಳು ಈಚೆಗೆ ಏನನ್ನು ಬಿಟ್ಟಿದ್ದಾಳೆ ನೋಡಿ ಎಂದೂ ಬರೆಯಿರಿ.

ಔಷಧ ಹಿಡಿಯಲು ವಾರಗಳೇ ಬೇಕಾದವು. ಈಗ ಶ್ರವಣ ಸಾಧನವಿದೆ, ದಿನಕ್ಕೊಂದು ಪದಬಂಧವೂ ಇದೆ. ಅಂದಹಾಗೆ, ಅದರ ಸುಳಿವುಗಳ ಅಕ್ಷರವನ್ನು ಯಾಕೆ ಇರುವೆ ಸಾಲಿನ ಹಾಗೆ ಅಚ್ಚು ಹಾಕುತ್ತೀರಿ? ತುಸು ದೊಡ್ಡದು ಮಾಡಿ.

ಇತಿ,
ಓರ್ವ ಹಳೆಯ ಓದುಗಿ