ಕಟ್ಟಡ ಆಮೇಲೆ, ಮೊದಲು ಮಕ್ಕಳ ಮಾತು

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಓದಿದೆ. ಬೀದಿಯಲ್ಲಿ ಬದುಕುವ ಮಕ್ಕಳಿಗಾಗಿ ಏನಾದರೂ ಮಾಡಲೇಬೇಕೆಂದು ನೀನೂ ನಿನ್ನ ಜೊತೆಗಾರರೂ ಹಣ ಕೂಡಿಸುತ್ತಿರುವುದು, ದೊಡ್ಡದೊಂದು ಆಶ್ರಯಧಾಮಕ್ಕೆ ನಕ್ಷೆ ಬರೆಸಿರುವುದು ತಿಳಿದು ಮನಸ್ಸು ತುಂಬಿ ಬಂತು. ಎಷ್ಟೋ ಜನ ಈ ಮಕ್ಕಳನ್ನು ಕಂಡೂ ಕಾಣದವರಂತೆ ದಾಟಿ ಹೋಗುತ್ತಾರೆ. ನೀನು ನಿಂತು ನೋಡಿದೆ. ‘ಮುಲಾಜಿಲ್ಲದೆ ಅಭಿಪ್ರಾಯ ಹೇಳು’ ಅಂದಿದ್ದೀಯ. ಈ ಮಕ್ಕಳ ನಡುವೆಯೇ ಕೆಲಸ ಮಾಡುವವನಾಗಿ ನಾನು ಹೇಳುವುದಿಷ್ಟು: ಅಡಿಪಾಯ ತೋಡುವ ಮೊದಲು ಸ್ವಲ್ಪ ತಡೆ. ಯಾರಿಗಾಗಿ ಕಟ್ಟುತ್ತಿದ್ದೀರೋ ಅವರನ್ನು ಇನ್ನೂ ಯಾರೂ ಕೇಳಿದಂತಿಲ್ಲ.

ಪತ್ರದಲ್ಲಿ ಒಂದು ಸಾಲು ನನ್ನನ್ನು ತುಂಬ ಕಾಡಿತು. ಉದ್ಘಾಟನೆಯ ವಾರ ಪೊಲೀಸರ ಸಹಾಯ ಪಡೆದು, ರಾತ್ರಿ ಹೊತ್ತು ವ್ಯಾನಿನಲ್ಲಿ ಮಕ್ಕಳನ್ನು ಕರೆತರುತ್ತೇವೆ ಎಂದು ಬರೆದಿದ್ದೀಯ. ದಯವಿಟ್ಟು ಆ ಯೋಚನೆ ಕೈಬಿಡು. ದೊಡ್ಡ ಕ್ರೀಡಾಕೂಟ ಬಂತು, ಗಣ್ಯರು ಬರುತ್ತಾರೆ, ನಗರ ಚೊಕ್ಕವಾಗಿ ಕಾಣಬೇಕು ಎಂದಾಗಲೆಲ್ಲ ಲೋಕದ ಎಷ್ಟೋ ಊರುಗಳಲ್ಲಿ ಈ ಮಕ್ಕಳನ್ನು ಹೀಗೇ ತುಂಬಿಕೊಂಡು ಹೋಗುತ್ತಾರೆ. ಮಗುವಿನ ಕಣ್ಣಿಗೆ ನಿನ್ನ ವ್ಯಾನೂ ಆ ವ್ಯಾನೂ ಒಂದೇ. ಹಾಗೆ ತಂದವರಲ್ಲಿ ಬಹಳಷ್ಟು ಮಕ್ಕಳು ಮೊದಲ ಅವಕಾಶಕ್ಕೇ ಗೋಡೆ ಹಾರುತ್ತಾರೆ. ಓಡಿದವರು ಮೊದಲಿದ್ದ ಜಾಗಕ್ಕೆ ಮರಳುವುದಿಲ್ಲ. ಇನ್ನೂ ಕತ್ತಲಿನ, ಯಾರ ಕಣ್ಣಿಗೂ ಬೀಳದ ಜಾಗ ಹುಡುಕಿಕೊಳ್ಳುತ್ತಾರೆ. ಅಲ್ಲಿಗೆ ಮುಟ್ಟುವುದು ನಮಗೆ ಮೊದಲಿಗಿಂತ ಕಷ್ಟವಾಗುತ್ತದೆ.

ಅವರು ಯಾಕೆ ಓಡುತ್ತಾರೆಂದು ತಿಳಿಯಬೇಕಾದರೆ ಅವರ ಒಂದು ದಿನ ಹೇಗಿರುತ್ತದೆಂದು ನೋಡಬೇಕು. ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬ ಮಧ್ಯಾಹ್ನದ ಬಿಸಿಲಲ್ಲಿ ಫುಟ್‌ಪಾತಿನ ಮೇಲೆ ಸತ್ತಂತೆ ಮಲಗಿರುತ್ತಾನೆ. ಹೋಗಿಬರುವವರು ‘ಸೋಮಾರಿ’ ಎನ್ನುತ್ತಾರೆ. ರಾತ್ರಿ ನಿದ್ದೆ ಮಾಡಿದರೆ ಏನಾಗುತ್ತದೆಂದು ಅವನಿಗೆ ಗೊತ್ತು, ಅದಕ್ಕೇ ಜನ ಓಡಾಡುವ ಹೊತ್ತಿನಲ್ಲಿ ಮಲಗುತ್ತಾನೆ. ಚಪ್ಪಲಿ ಇದ್ದರೆ ತಲೆಯಡಿ ಇಟ್ಟುಕೊಳ್ಳುತ್ತಾನೆ. ಕೈಗೆ ಬಂದ ದುಡ್ಡನ್ನು ಅಂದೇ ಖರ್ಚು ಮಾಡುತ್ತಾನೆ, ಬೆಳಗಾಗುವುದರೊಳಗೆ ಯಾರಾದರೂ ಕಿತ್ತುಕೊಳ್ಳುತ್ತಾರೆಂದು. ನಾವು ದುಂದು ಎನ್ನುವುದು ಅವನ ಪಾಲಿಗೆ ಸರಿಯಾದ ಲೆಕ್ಕಾಚಾರ. ಹತ್ತಿರದಲ್ಲೇ ಒಬ್ಬ ದೊಡ್ಡ ಹುಡುಗ ಇರುತ್ತಾನೆ. ಹೊಡೆಯುವವನೂ ಅವನೇ, ಬೇರೆಯವರು ಹೊಡೆಯಲು ಬಂದರೆ ಅಡ್ಡ ನಿಲ್ಲುವವನೂ ಅವನೇ. ಹೊರಗಿನವರಾದ ನಾವು ‘ಆ ಪುಂಡನನ್ನು ಬಿಟ್ಟು ಬಾ’ ಎಂದರೆ ಹುಡುಗ ನಮ್ಮನ್ನು ಬಿಡುತ್ತಾನೆಯೇ ಹೊರತು ಅವನನ್ನು ಬಿಡುವುದಿಲ್ಲ.

ಸಲ್ಯೂಷನ್, ಅಂದರೆ ಅಂಟನ್ನು ಬಟ್ಟೆಚೂರಿಗೆ ಹಚ್ಚಿ ಮೂಸುವ ವಿಷಯವೂ ಹಾಗೆಯೇ. ಅಂಟಿನಲ್ಲಿರುವ ಟೊಲುಯಿನ್‌ನಂಥ ರಾಸಾಯನಿಕಗಳು ಮಿದುಳನ್ನೂ ಮೂತ್ರಪಿಂಡವನ್ನೂ ಹಾಳು ಮಾಡುತ್ತವೆ. ಕೆಲವೊಮ್ಮೆ ಹೃದಯದ ಬಡಿತ ತಪ್ಪಿ ಒಮ್ಮೆಗೇ ಜೀವ ಹೋಗುವುದೂ ಉಂಟು. ಇದರಲ್ಲಿ ಎರಡು ಮಾತಿಲ್ಲ. ಆದರೆ ಮಗು ಅದನ್ನು ಮೂಸುವುದು ಹಸಿವು, ಚಳಿ, ಭಯ ಇವು ಮೂರನ್ನೂ ಒಂದೇ ಸಲ ಮರೆಯುವುದಕ್ಕೆ. ಆ ಬಟ್ಟೆಚೂರನ್ನು ಕಸಿದು ಎಸೆದ ಮಾತ್ರಕ್ಕೆ ಮೂರರಲ್ಲಿ ಒಂದೂ ಹೋಗುವುದಿಲ್ಲ. ಮೂಸಿದ್ದಾನೆ ಎಂಬ ಕಾರಣಕ್ಕೆ ಬಾಗಿಲು ಮುಚ್ಚುವ ನಿಯಮವಂತೂ ನಿಮ್ಮ ಧಾಮದಲ್ಲಿ ಬೇಡವೇ ಬೇಡ. ಬಾಗಿಲು ಅತ್ಯಂತ ಬೇಕಾಗುವುದು ಆ ಹೊತ್ತಿನಲ್ಲೇ.

ನೀನು ಇವರನ್ನೆಲ್ಲ ‘ಅನಾಥರು’ ಎಂದು ಬರೆದಿದ್ದೀಯ. ಹೆಚ್ಚಿನವರಿಗೆ ತಂದೆಯೋ ತಾಯಿಯೋ ಬಂಧುಗಳೋ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಕೆಲವರು ಹಗಲಿಡೀ ಬೀದಿಯಲ್ಲಿ ದುಡಿದು ರಾತ್ರಿ ಮನೆ ಸೇರುತ್ತಾರೆ. ಕೆಲವರ ಇಡೀ ಕುಟುಂಬವೇ ಬೀದಿಯಲ್ಲಿರುತ್ತದೆ. ಒಬ್ಬಂಟಿಯಾಗಿ ಬಂದವರ ಹಿಂದೆ ಹೊಡೆತ, ಬಡತನ, ಸಾವು, ಯುದ್ಧ, ಒಕ್ಕಲೆಬ್ಬಿಸುವಿಕೆ ಹೀಗೆ ಏನೇನೋ ಇರುತ್ತದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿ 2017ರಲ್ಲಿ ಈ ಮಕ್ಕಳ ಬಗ್ಗೆಯೇ 21ನೇ ಸಾಮಾನ್ಯ ಟಿಪ್ಪಣಿಯನ್ನು, ಅಂದರೆ ದೇಶಗಳಿಗೆ ದಾರಿ ತೋರುವ ಮಾರ್ಗದರ್ಶಿಯನ್ನು, ಹೊರಡಿಸಿತು. ಬೀದಿಯನ್ನೇ ನಂಬಿ ಬದುಕುವ ಅಥವಾ ದುಡಿಯುವ ಮಕ್ಕಳಲ್ಲದೆ, ಬೀದಿಯೊಂದಿಗೆ ಗಟ್ಟಿ ನಂಟು ಬೆಳೆದಿರುವ ಮಕ್ಕಳೂ ಅದರ ವ್ಯಾಪ್ತಿಗೆ ಬರುತ್ತಾರೆ. ಅದನ್ನು ಬರೆಯುವ ಮೊದಲು 32 ದೇಶಗಳ 327 ಮಕ್ಕಳನ್ನೂ ಯುವಜನರನ್ನೂ ಕೂರಿಸಿಕೊಂಡು ಕೇಳಿದ್ದರು. ಆ ಮಕ್ಕಳು ಒತ್ತಿ ಹೇಳಿದ್ದರಲ್ಲಿ ಮುಖ್ಯವಾದದ್ದು ಮರ್ಯಾದೆ, ತಮ್ಮನ್ನೂ ಮನುಷ್ಯರೆಂದು ಕಾಣಬೇಕು ಎಂಬುದು. ನಮ್ಮ ಸಭೆಗಳಲ್ಲಿ ಹಾಸಿಗೆ, ಊಟ, ಸಮವಸ್ತ್ರದ ಮಾತು ಮುಗಿದ ಮೇಲೂ ಆ ಮಾತು ಬರುವುದಿಲ್ಲ, ನೋಡು. ಲೋಕದಲ್ಲಿ ಇಂಥ ಮಕ್ಕಳು ಹತ್ತು ಕೋಟಿ ಎಂಬ ಅಂಕಿ ನಿಮ್ಮ ಕರಪತ್ರದಲ್ಲಿದೆ. ಅದು ದಶಕಗಳಿಂದ ಒಬ್ಬರಿಂದೊಬ್ಬರು ನಕಲು ಮಾಡುತ್ತ ಬಂದ ಅಂದಾಜು. ಹಾಗೆ ಎಣಿಸಿದವರು ಯಾರೂ ಇಲ್ಲ, ತೆಗೆದುಬಿಡು.

ಮರ್ಯಾದೆಯ ಮಾತು ಯಾಕಿಷ್ಟು ದೊಡ್ಡದು ಎಂಬುದಕ್ಕೆ ಎರಡು ಘಟನೆ ಹೇಳುತ್ತೇನೆ, ಓದಲು ಕಷ್ಟವಾದರೂ ಓದು. 1993ರ ಜುಲೈ 23ರ ರಾತ್ರಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಕ್ಯಾಂಡೆಲಾರಿಯಾ ಚರ್ಚಿನ ಬಳಿ ಮಲಗಿದ್ದ ಮಕ್ಕಳ ಮೇಲೆ ಗುಂಡು ಹಾರಿಸಿದರು. ಮಕ್ಕಳು, ಹದಿಹರೆಯದವರು ಸೇರಿ ಎಂಟು ಮಂದಿ ಸತ್ತರು. ಕೊಂದವರಲ್ಲಿ ಪೊಲೀಸರಿದ್ದರು. ಅದಕ್ಕೂ ಮೊದಲು, 1990ರಲ್ಲಿ, ಗ್ವಾಟೆಮಾಲಾ ನಗರದಲ್ಲಿ ಬೀದಿಯಲ್ಲಿ ಬದುಕುತ್ತಿದ್ದ ಐವರು ಹುಡುಗರನ್ನು ಪೊಲೀಸರು ಕೊಂದಿದ್ದರು. ಆ ಮೊಕದ್ದಮೆ ಅಮೆರಿಕ ಖಂಡದ ದೇಶಗಳ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಯಿತು. 1999ರ ನವೆಂಬರ್ 19ರ ತೀರ್ಪಿನಲ್ಲಿ ನ್ಯಾಯಾಲಯ ಹೇಳಿದ ಮಾತು ನನ್ನ ಕೆಲಸಕ್ಕೆ ಇಂದಿಗೂ ಆಧಾರ. ಜೀವಿಸುವ ಹಕ್ಕೆಂದರೆ ಕೊಲ್ಲದೆ ಬಿಡುವುದಷ್ಟೇ ಆಗುವುದಿಲ್ಲ, ಘನತೆಯಿಂದ ಬದುಕುವ ಸ್ಥಿತಿಯನ್ನೂ ಸರಕಾರ ಒದಗಿಸಬೇಕು. ಈ ಹುಡುಗರನ್ನು ದಾರಿದ್ರ್ಯದಿಂದ ಮೇಲೆತ್ತದೆ ಒಂದು ಸಲ, ಜೀವವನ್ನೇ ತೆಗೆದು ಇನ್ನೊಂದು ಸಲ, ಹೀಗೆ ಸರಕಾರ ಎರಡು ಬಗೆಯಲ್ಲಿ ಅನ್ಯಾಯ ಮಾಡಿತು ಎಂದಿತು. 2001ರಲ್ಲಿ ಪರಿಹಾರ ನಿಗದಿ ಮಾಡುವಾಗ ಒಂದು ಶಾಲೆಗೆ ಆ ಹುಡುಗರ ನೆನಪಿನ ಹೆಸರಿಡಬೇಕೆಂದೂ ಆದೇಶಿಸಿತು. ಬದುಕಿದ್ದಾಗ ಶಾಲೆಯ ಬಾಗಿಲು ದಾಟಲಾಗದ ಮಕ್ಕಳಿಗೆ ಸತ್ತ ಮೇಲೆ ಅಷ್ಟು ಸಿಕ್ಕಿತು ಎಂದುಕೊಂಡರೆ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಎಲ್ಲ ಪೊಲೀಸರೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಒಳ್ಳೆಯವರ ಜೊತೆ ಕೆಲಸ ಮಾಡಿದ್ದೇನೆ. ಆದರೆ ಭಿಕ್ಷೆ ಬೇಡುವುದು, ಅಲೆಯುವುದು, ರಾತ್ರಿ ಹೊರಗಿರುವುದು, ಮನೆ ಬಿಟ್ಟು ಓಡುವುದು ಇವನ್ನೆಲ್ಲ ಅಪರಾಧವೆಂದು ಬರೆದ ಕಾನೂನು ಇರುವವರೆಗೆ ಒಳ್ಳೆಯ ಪೊಲೀಸನ ಕೈಯೂ ಕಟ್ಟಿಹಾಕಿದಂತೆ. ಅಂಥ ಕಾನೂನುಗಳನ್ನು ರದ್ದು ಮಾಡಿ ಎಂದು ಆ 21ನೇ ಟಿಪ್ಪಣಿ ನೇರವಾಗಿಯೇ ಹೇಳುತ್ತದೆ. ನಿನ್ನ ಬಳಗದಲ್ಲಿ ವಕೀಲರಿದ್ದಾರಲ್ಲ, ಅವರ ಸಮಯವನ್ನು ಇದಕ್ಕೆ ಬಳಸಿಕೊ. ಜೊತೆಗೆ ಜನನ ಪ್ರಮಾಣಪತ್ರಕ್ಕೂ. ಹುಟ್ಟಿದ ಕೂಡಲೇ ನೋಂದಣಿ ಆಗುವುದು ಪ್ರತಿ ಮಗುವಿನ ಹಕ್ಕೆಂದು 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿ ಹೇಳಿದೆ. ಕಾಗದವಿಲ್ಲದ ಮಗುವಿಗೆ ಶಾಲೆ ಕಷ್ಟ, ಆಸ್ಪತ್ರೆ ಕಷ್ಟ. ಸಿಕ್ಕಿಬಿದ್ದಾಗ ವಯಸ್ಸು ಸಾಬೀತು ಮಾಡಲಾಗದೆ ದೊಡ್ಡವರ ಜೊತೆ ಜೈಲು ಸೇರುವ ಅಪಾಯವೂ ಇದೆ. ಕಟ್ಟಡಕ್ಕಿಂತ ಇದು ಎಷ್ಟೋ ಅಗ್ಗದ ಕೆಲಸ, ಹತ್ತಿಪ್ಪತ್ತು ವರ್ಷ ಫಲ ಕೊಡುವ ಕೆಲಸ.

ಹಾಗಾದರೆ ಶುರು ಎಲ್ಲಿಂದ ಎನ್ನುತ್ತೀಯ. ಇಬ್ಬರು ಕಾರ್ಯಕರ್ತರಿಂದ. ಸಾಧ್ಯವಾದರೆ ಒಬ್ಬ ಹೆಂಗಸು, ಒಬ್ಬ ಗಂಡಸು. ಅವರು ಅದೇ ಜಾಗಕ್ಕೆ, ಅದೇ ಹೊತ್ತಿಗೆ, ಮಳೆ ಬಂದರೂ ಹೋಗಬೇಕು. ಕೈಯಲ್ಲಿ ಪ್ರಥಮ ಚಿಕಿತ್ಸೆಯ ಡಬ್ಬಿ ಇದ್ದರೆ ಸಾಕು. ಬರಿಗಾಲಲ್ಲಿ ನಡೆಯುವ ಮಕ್ಕಳ ಪಾದದಲ್ಲಿ ಗಾಯ ಇದ್ದೇ ಇರುತ್ತದೆ. ನೆಲದ ಮೇಲೆ ಕೂತು, ಆ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಕೀವು ಒರೆಸಿ, ನಿಧಾನವಾಗಿ ಬಟ್ಟೆ ಕಟ್ಟುವಾಗ ಮಗು ಮೊದಲು ನಿನ್ನ ಕೈಯನ್ನೇ ನೋಡುತ್ತಿರುತ್ತದೆ, ಎಲ್ಲಿ ಹೊಡೆಯುತ್ತದೋ ಎಂದು. ಮುಟ್ಟುವ ಮುಂಚೆ ‘ಮುಟ್ಟಲಾ?’ ಎಂದು ಕೇಳಬೇಕು. ಬೇಡ ಎಂದರೆ ಔಷಧಿ ಅವನ ಕೈಗೇ ಕೊಟ್ಟು ಹೇಗೆ ಹಚ್ಚಬೇಕೆಂದು ತೋರಿಸಬೇಕು. ‘ನಾಡಿದ್ದು ಬಿಚ್ಚಿ ನೋಡೋಣ’ ಎಂದು ಹೇಳಿ ನಾಡಿದ್ದು ಹೋಗಲೇಬೇಕು. ಹೇಳಿದ ದಿನ ಬರುವ ದೊಡ್ಡವರನ್ನು ಆ ಮಗು ಬಹುಶಃ ನೋಡೇ ಇಲ್ಲ. ಹೆಸರು, ಊರು, ಮನೆ ಬಿಟ್ಟ ಕಾರಣ ಯಾವುದನ್ನೂ ಮೊದಲೇ ಕೇಳಬಾರದು. ಮೊದಲು ಹೇಳುವ ಹೆಸರು ಸಾಮಾನ್ಯವಾಗಿ ಸುಳ್ಳೇ. ನಿಜವಾದ ಹೆಸರು ಹೇಳುವ ದಿನ ಬಂದಾಗ ಕಾರ್ಯಕರ್ತರಿಗೆ ತಾನಾಗಿ ಗೊತ್ತಾಗುತ್ತದೆ.

ಆಮೇಲೆ ಒಂದು ಸಣ್ಣ ಜಾಗ ಬೇಕು, ಮಕ್ಕಳು ಹಗಲು ಬಂದು ಸ್ನಾನ ಮಾಡಿ, ಬಟ್ಟೆ ಒಗೆದು, ಮಲಗಿ, ಮನಸ್ಸು ಬಂದಾಗ ಎದ್ದು ಹೋಗುವಂಥದ್ದು. ಒಬ್ಬೊಬ್ಬರಿಗೂ ಬೀಗವಿರುವ ಪುಟ್ಟ ಪೆಟ್ಟಿಗೆ ಇರಲಿ, ಬೀಗದ ಕೈ ಅವರ ಬಳಿಯೇ ಇರಲಿ. ಬೆಳಗಿನವರೆಗೆ ಉಳಿಯುವ ವಸ್ತುವೊಂದು ತನ್ನದೆಂದು ಇರುವುದು ಆ ಹುಡುಗನಿಗೆ ಎಷ್ಟು ಹೊಸದು, ಯೋಚಿಸು.

ಮಕ್ಕಳನ್ನು ಕೇಳಿ ಮಾಡಿದ ಕೆಲಸ ನಿಲ್ಲುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಬ್ರೆಜಿಲ್‌ನಲ್ಲಿ 1985ರಲ್ಲಿ ಬೀದಿ ಮಕ್ಕಳ ರಾಷ್ಟ್ರೀಯ ಚಳವಳಿ ಹುಟ್ಟಿತು. ಮರುವರ್ಷ ಮಕ್ಕಳೇ ರಾಜಧಾನಿಯಲ್ಲಿ ಸಭೆ ಸೇರಿದರು. 1990ರಲ್ಲಿ ಆ ದೇಶ ತಂದ ಮಕ್ಕಳ ಕಾನೂನಿನ ಹಿಂದೆ ಆ ಚಳವಳಿಯ ಒತ್ತಾಯವಿತ್ತು. ಅಷ್ಟಾದರೂ ಕ್ಯಾಂಡೆಲಾರಿಯಾ ನಡೆಯಿತು, ಕಾನೂನು ಬಂದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಮುಂಬೈಯಲ್ಲಿ ಜೆರೂ ಬಿಲಿಮೋರಿಯಾ ಅವರು 1996ರಲ್ಲಿ ಆರಂಭಿಸಿದ 1098 ಸಹಾಯವಾಣಿ ಮೂಡಿದ್ದೂ ಬೀದಿ ಮಕ್ಕಳ ಒಡನಾಟದಿಂದಲೇ. ಇವತ್ತು ಎಷ್ಟೋ ದೇಶಗಳಲ್ಲಿ ಮಕ್ಕಳ ಸಹಾಯವಾಣಿಗಳಿವೆ.

ಹೆಣ್ಣುಮಕ್ಕಳ ಬಗ್ಗೆ ನಿಮ್ಮ ಯೋಜನೆಯಲ್ಲಿ ಒಂದು ಸಾಲೂ ಇಲ್ಲ. ಬೀದಿಯಲ್ಲಿ ಅವರು ಕಡಿಮೆ ಕಾಣುತ್ತಾರೆ ನಿಜ. ಕಾಣದಿರುವುದೇ ಹೆದರಬೇಕಾದ ಸಂಗತಿ. ಮನೆಗೆಲಸದ ಹೆಸರಿನಲ್ಲಿ, ಮದುವೆಯ ಹೆಸರಿನಲ್ಲಿ, ಇನ್ನೂ ಹೇಳಲಾಗದ ಕಡೆಗೆ ಅವರನ್ನು ಬೇಗ ಸೆಳೆದೊಯ್ಯುತ್ತಾರೆ. ಹುಡುಗನಿಗೆ ತಿಂಗಳುಗಟ್ಟಲೆ ಕಾಯಬಹುದು, ಹುಡುಗಿ ಒಂಟಿಯಾಗಿ ಕಂಡ ದಿನವೇ ಸುರಕ್ಷಿತ ಜಾಗವೊಂದು ಸಿದ್ಧವಿರಬೇಕು. ಚಿಕ್ಕ ವಯಸ್ಸಿನ, ಅಥವಾ ಯಾರದೋ ಹಿಡಿತದಲ್ಲಿರುವ ಯಾವ ಮಗುವಿಗೂ ಈ ಮಾತು ಅನ್ವಯಿಸುತ್ತದೆ. ‘ಮಕ್ಕಳನ್ನು ಕೇಳು’ ಎಂದರೆ ಅಪಾಯ ಕಣ್ಣೆದುರಿಗಿದ್ದಾಗಲೂ ಕೈಕಟ್ಟಿ ಕೂರು ಎಂದಲ್ಲ.

ಮನೆಗೆ ಮರಳಿಸುವುದೇ ಗುರಿ ಎಂದಿದ್ದೀಯ. ಆಗುವ ಕಡೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಬಸ್ಸು ಹತ್ತಿಸಿ ಕಳಿಸಿದರೆ ಸಾಲದು. ಮನೆಯಲ್ಲಿ ಯಾಕೆ ಹೊಡೆಯುತ್ತಿದ್ದರು, ಈಗ ಏನು ಬದಲಾಗಿದೆ, ಮುಂದಿನ ತಿಂಗಳು ಯಾರು ಹೋಗಿ ನೋಡುತ್ತಾರೆ ಎಂಬುದು ಗೊತ್ತಿಲ್ಲದೆ ಕಳಿಸಿದರೆ ಅದೇ ಹೊಡೆತಕ್ಕೆ ಒಪ್ಪಿಸಿದಂತಾಗುತ್ತದೆ. ಮನೆ ಆಗದ ಮಕ್ಕಳಿಗೆ ನಂಬಿಕಸ್ಥ ಪೋಷಕ ಕುಟುಂಬ, ಅದೂ ಆಗದಿದ್ದರೆ ಕೆಲವೇ ಮಕ್ಕಳಿರುವ ಸಣ್ಣ ಮನೆ. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಸರಕಾರಿ ಧಾಮಗಳಲ್ಲಿದ್ದ 136 ಪುಟ್ಟ ಮಕ್ಕಳ ಬಗ್ಗೆ ವರ್ಷಗಟ್ಟಲೆ ನಡೆದ ಅಧ್ಯಯನದಲ್ಲಿ, ಪೋಷಕ ಕುಟುಂಬಕ್ಕೆ ಬೇಗ ಹೋದ ಮಕ್ಕಳು ಬುದ್ಧಿ, ಭಾವನೆ ಎರಡರಲ್ಲೂ ಚೆನ್ನಾಗಿ ಬೆಳೆದರು. ಅವು ಕೂಸುಗಳು, ನಮ್ಮ ಮಕ್ಕಳು ದೊಡ್ಡವರು, ಆ ವ್ಯತ್ಯಾಸ ನನಗೆ ಗೊತ್ತು. ಆದರೂ ನಕ್ಷೆಯಲ್ಲಿರುವ ಆ ಉದ್ದನೆಯ ಮಲಗುವ ಹಜಾರ ನೋಡಿದಾಗ ನನಗೆ ನೆನಪಾದದ್ದು ಅದೇ.

ಕೈಗೆ ಚಿಲ್ಲರೆ ಕೊಡಬೇಕೋ ಬೇಡವೋ ಎಂದು ಕೇಳಿದ್ದೀಯ. ಕೊಡುವುದು ಬಿಡುವುದು ನಿನಗೆ ಬಿಟ್ಟದ್ದು. ಕೊಡದಿದ್ದರೂ ಮುಖ ನೋಡಿ ಮಾತಾಡಿಸು.

ಕೊನೆಯದಾಗಿ, ಇದರಲ್ಲಿ ಮಾತ್ರ ಯಾವ ರಾಜಿಯೂ ಬೇಡ. ದಾನಿಗಳಿಗೆ ತೋರಿಸಲು ಮಕ್ಕಳ ಮುಖದ ಫೋಟೊ ತೆಗೆಯಬೇಡಿ. ಕೆಲಸಕ್ಕೆ ಬರುವವರ ಪೂರ್ವಾಪರ ವಿಚಾರಿಸದೆ ಯಾರನ್ನೂ ಒಳಗೆ ಬಿಡಬೇಡಿ, ಎಷ್ಟೇ ದೊಡ್ಡ ಮನುಷ್ಯರಾಗಿರಲಿ. ಮುಚ್ಚಿದ ಕೋಣೆಯಲ್ಲಿ ಒಬ್ಬ ದೊಡ್ಡವರ ಜೊತೆ ಒಂದು ಮಗು ಇರುವ ಸಂದರ್ಭ ಬರದಂತೆ ನೋಡಿಕೊಳ್ಳಿ. ದೂರು ಹೇಳಲು ಮಗುವಿಗೆ ಧಾಮಕ್ಕೆ ಸಂಬಂಧಪಡದ ಒಬ್ಬರಾದರೂ ಸಿಗಬೇಕು. ಮಕ್ಕಳನ್ನು ಬಳಸಿಕೊಳ್ಳುವವರು ಇಂಥ ಸಂಸ್ಥೆಗಳನ್ನೇ ಹುಡುಕಿಕೊಂಡು ಬರುತ್ತಾರೆ.

ನಿಮ್ಮ ಮುಂದಿನ ಸಭೆ ಯಾವಾಗೆಂದು ತಿಳಿಸು, ನಾನೂ ಬರುತ್ತೇನೆ. ಅಷ್ಟರೊಳಗೆ ಖರ್ಚಿನ ಪಟ್ಟಿಯನ್ನು ಮತ್ತೆ ಬರೆದುಕೊಂಡಿರು. ಮೊದಲ ಸಾಲಿನಲ್ಲಿ ಇಬ್ಬರು ಕಾರ್ಯಕರ್ತರ ಮೂರು ವರ್ಷದ ಸಂಬಳ ಇರಲಿ, ಅರ್ಧಕ್ಕೆ ಬಿಟ್ಟು ಹೋಗದಂತೆ ಗೌರವದ ಸಂಬಳ. ನಕ್ಷೆಯನ್ನು ಎಸೆಯುವುದು ಬೇಡ. ಒಂದು ವರ್ಷ ಕಳೆದ ಮೇಲೆ ಆ ಮಕ್ಕಳ ಮುಂದೆಯೇ ಹರಡಿ, ಎಲ್ಲಿ ಏನಿರಬೇಕೆಂದು ಅವರಿಂದಲೇ ಗುರುತು ಹಾಕಿಸೋಣ.

ಇಂತಿ ನಿನ್ನ ಗೆಳೆಯ