ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ: ಓಡುವ ಮಕ್ಕಳ ಸಮಯ ಸರಿಯಾಗಿ ಅಳೆಸಿ

ಮಾನ್ಯ ಯುವ ಸಬಲೀಕರಣ ಮತ್ತು ಕ್ರೀಡಾ ಸಚಿವರಿಗೆ,
ಕರ್ನಾಟಕ ಸರ್ಕಾರ

ಮಾನ್ಯರೇ, ನಮಸ್ಕಾರ.

ನಾನು ಸರ್ಕಾರಿ ಪ್ರೌಢಶಾಲೆಯೊಂದರ ದೈಹಿಕ ಶಿಕ್ಷಕ. ಊರಿನವರ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಹೋಬಳಿ, ತಾಲ್ಲೂಕು, ಜಿಲ್ಲಾ ಮಟ್ಟದ ಶಾಲಾ ಕ್ರೀಡಾಕೂಟಗಳಲ್ಲಿ ಓಟದ ಕೊನೆಯ ಗೆರೆಯ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಲ್ಲುವುದು ನನ್ನ ಪಾಲಿಗೆ ಬರುವ ಕೆಲಸ. ತಮ್ಮಲ್ಲಿ ಒಂದೇ ಒಂದು ಬೇಡಿಕೆ ಇಡಲು ಈ ಪತ್ರ ಬರೆಯುತ್ತಿದ್ದೇನೆ. ಜಿಲ್ಲಾ ಮಟ್ಟದಿಂದ ಮೇಲಿನ ಶಾಲಾ ಓಟಗಳನ್ನೆಲ್ಲ ಕೈ ಸ್ಟಾಪ್‌ವಾಚ್ ಬಿಟ್ಟು ಸೆನ್ಸರ್, ಕ್ಯಾಮೆರಾ ಇರುವ ಎಲೆಕ್ಟ್ರಾನಿಕ್ ಟೈಮಿಂಗ್‌ನಲ್ಲಿ ಅಳೆಸಿ. ಗೆದ್ದವರದಷ್ಟೇ ಅಲ್ಲ, ಓಡಿದ ಪ್ರತಿ ಮಗುವಿನ ಸಮಯವನ್ನೂ ಬರೆದಿಡಿಸಿ.

ಸ್ಟೇಡಿಯಂ ಕೇಳುವವರು ಬಹಳ ಜನ ಇದ್ದಾರೆ. ಅವರು ಕೇಳುವುದೂ ನ್ಯಾಯವೇ. ನಾನು ಗಡಿಯಾರವನ್ನು ಮಾತ್ರ ಯಾಕೆ ಕೇಳುತ್ತಿದ್ದೇನೆ ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2020ರ ಫೆಬ್ರುವರಿ ತಮಗೆ ನೆನಪಿರಬೇಕು. ದಕ್ಷಿಣ ಕನ್ನಡದ ಐಕಳ ಕಂಬಳದಲ್ಲಿ ಮೂಡುಬಿದಿರೆ ಕಡೆಯ ಶ್ರೀನಿವಾಸ ಗೌಡರು 142.5 ಮೀಟರ್ ಉದ್ದದ ಕೆಸರುಗದ್ದೆಯನ್ನು 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಅದನ್ನು 100 ಮೀಟರಿಗೆ ಲೆಕ್ಕ ಹಾಕಿದರು. 9.55 ಬಂತು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ವಿಶ್ವದಾಖಲೆ 9.58. ಅಷ್ಟೇ ಸಾಕಾಯಿತು. ಕಟ್ಟಡ ಕೆಲಸ ಮಾಡಿಕೊಂಡಿದ್ದ ಯುವಕನ ಹೆಸರು ಕೆಲವೇ ದಿನದಲ್ಲಿ ದೇಶವಿಡೀ ಹರಡಿತು. ಕೇಂದ್ರ ಕ್ರೀಡಾ ಸಚಿವರಾಗಿದ್ದ ಕಿರಣ್ ರಿಜಿಜು ಟ್ರಯಲ್ಸ್‌ಗೆ ಕರೆದರು. ಮುಖ್ಯಮಂತ್ರಿಯಾಗಿದ್ದ ಯಡಿಯೂರಪ್ಪನವರು ಸನ್ಮಾನ ಮಾಡಿ 3 ಲಕ್ಷ ರೂಪಾಯಿ ಕೊಟ್ಟರು. ಸ್ವಲ್ಪ ದಿನದಲ್ಲೇ ವೇಣೂರು ಕಂಬಳದಲ್ಲಿ ನಿಶಾಂತ್ ಶೆಟ್ಟಿ ಅದಕ್ಕಿಂತಲೂ ವೇಗವಾಗಿ ಓಡಿದರು ಅಂತ ಸುದ್ದಿಯಾಯಿತು.

ಆ ಗದ್ದಲದಲ್ಲಿ ಎಲ್ಲರಿಗಿಂತ ಹೆಚ್ಚು ವಿವೇಕದಿಂದ ಮಾತಾಡಿದವರು ಶ್ರೀನಿವಾಸ ಗೌಡರೇ. ಓಟದ ಶ್ರೇಯಸ್ಸನ್ನು ಕೋಣಗಳಿಗೂ ಕೊಟ್ಟರು, ಬೋಲ್ಟ್ ಜತೆ ನನ್ನನ್ನು ಹೋಲಿಸಬೇಡಿ ಅಂದರು, ಟ್ರಯಲ್ಸ್‌ಗೂ ಹೋಗಲಿಲ್ಲ. ಅವರ ಮಾತು ಸರಿ. ಮುಂದೆ ಎರಡು ಕೋಣಗಳು ಎಳೆಯುತ್ತಿರುವಾಗ ಓಡುವುದೇ ಬೇರೆ, ಗುಂಡಿನ ಸದ್ದಿಗೆ ಒಬ್ಬನೇ ಕಾಲೂರುವ ಸ್ಟಾರ್ಟಿಂಗ್ ಬ್ಲಾಕ್‌ನಿಂದ ಎದ್ದು ಓಡುವುದೇ ಬೇರೆ. ಕಂಬಳದ ಓಟಕ್ಕೆ ಅದರದೇ ಘನತೆ ಇದೆ. ಅದಕ್ಕೆ ಬರ್ಲಿನ್‌ನ ಅಳತೆಗೋಲು ಬೇಕಿಲ್ಲ.

ಆದರೆ ಆ ವಾರ ನನ್ನನ್ನು ಬೇರೊಂದು ಯೋಚನೆ ಕಾಡಿತು. ವೇಗದ ಹುಡುಗನೊಬ್ಬ ಸಿಕ್ಕ ಅಂತ ಇಡೀ ದೇಶ ಕುಣಿಯಿತು. ಅಂಥ ಹುಡುಗನನ್ನು ಹದಿಮೂರು, ಹದಿನಾಲ್ಕನೇ ವಯಸ್ಸಿನಲ್ಲೇ ಗುರುತಿಸುವ ದಾರಿ ನಮ್ಮ ಕೈಯಲ್ಲೇ ಇದೆ. ರಾಜ್ಯದ ಪ್ರತಿ ಹೋಬಳಿಯಲ್ಲೂ ಮಕ್ಕಳು ಪ್ರತಿ ವರ್ಷ ಓಡುತ್ತಾರೆ. ಇಷ್ಟು ದೊಡ್ಡ ಜಾಲ ಎಷ್ಟು ರಾಜ್ಯಗಳಲ್ಲಿ ಇದ್ದೀತು? ಮಕ್ಕಳು ಓಡುತ್ತಾರೆ, ನಾವು ಅಳೆಯುವುದಿಲ್ಲ. ಅಳೆದರೂ ತಪ್ಪಾಗಿ ಅಳೆಯುತ್ತೇವೆ.

ಹೇಗೆ ತಪ್ಪಾಗುತ್ತದೆ ಅಂತ ಕೇಳಿ. ಶಾಲಾ ಕೂಟಗಳಲ್ಲಿ ಓಟ ಶುರುವಾಗುವುದು ಸೀಟಿಯಿಂದ ಅಥವಾ ಮರದ ಕ್ಲಾಪರ್ ಸದ್ದಿನಿಂದ. ಸದ್ದು 100 ಮೀಟರ್ ದಾಟಿ ಕೊನೆಯ ಗೆರೆಯಲ್ಲಿ ನಿಂತವನ ಕಿವಿಗೆ ಬೀಳಲು ಸುಮಾರು 0.29 ಸೆಕೆಂಡ್ ಬೇಕು. ಅಷ್ಟರಲ್ಲಿ ಮಗು ಓಡಲು ಶುರು ಮಾಡಿರುತ್ತದೆ. ಅದಕ್ಕೇ ಸದ್ದು ಕೇಳಿ ಗುಂಡಿ ಒತ್ತಬಾರದು, ಪಿಸ್ತೂಲಿನ ಹೊಗೆ ನೋಡಿ ಅಥವಾ ಕ್ಲಾಪರಿನ ಹಲಗೆಗಳು ಕೂಡುವುದನ್ನು ನೋಡಿ ಒತ್ತಬೇಕು ಅಂತ ನಿಯಮ. ಆದರೆ ಮೈದಾನದ ತುಂಬ ಮಕ್ಕಳು, ಧೂಳು, ಧ್ವನಿವರ್ಧಕದ ಗಲಾಟೆ. ಒಬ್ಬರು ನೋಡಿ ಒತ್ತುತ್ತಾರೆ, ಒಬ್ಬರು ಕೇಳಿ ಒತ್ತುತ್ತಾರೆ. ಕೊನೆಯಲ್ಲೂ ಹಾಗೆಯೇ. ಎದೆ ಗೆರೆ ದಾಟಿದಾಗ ನಿಲ್ಲಿಸಬೇಕು. ಕಣ್ಣು ಮೊದಲು ಹಿಡಿಯುವುದು ಮುಂದೆ ಚಾಚಿದ ಕೈಯನ್ನೋ ತಲೆಯನ್ನೋ. ಪ್ರೌಢಶಾಲೆಯ ಹುಡುಗಿಯೊಬ್ಬಳ ಓಟದಲ್ಲಿ 0.3 ಸೆಕೆಂಡ್ ಅಂದರೆ ಎರಡು ಮೀಟರಿಗೂ ಜಾಸ್ತಿ ದೂರ. ಪಕ್ಕದ ತಾಲ್ಲೂಕಿನ ಮಗುವಿಗೂ ನಮ್ಮ ಮಗುವಿಗೂ ಎರಡು ಮೀಟರ್ ಅಂತರ ಇದೆಯೋ ಇಲ್ಲವೋ, ಹೇಳುವುದು ಹೇಗೆ?

ಹಾಗಾಗಿ ನಮ್ಮಲ್ಲಿ ಲೆಕ್ಕಕ್ಕೆ ಬರುವುದು ಸ್ಥಾನ ಮಾತ್ರ. ಮೊದಲನೆಯವರು, ಎರಡನೆಯವರು. ಇದರಲ್ಲಿ ದೊಡ್ಡ ಅನ್ಯಾಯ ಇದೆ. ಒಂದೇ ತಾಲ್ಲೂಕಿನಲ್ಲಿ ಅದೇ ವರ್ಷ ಮೂವರು ಒಳ್ಳೆಯ ಓಟಗಾರ್ತಿಯರು ಹುಟ್ಟಿಕೊಂಡರೆ ಮೂರನೆಯವಳು ಅಲ್ಲೇ ಮನೆಗೆ. ಇನ್ನೊಂದು ಕಡೆ ಸಾಧಾರಣ ಓಟಕ್ಕೂ ಮೊದಲ ಸ್ಥಾನ ಸಿಗುತ್ತದೆ, ಅವಳು ಮುಂದೆ ಹೋಗುತ್ತಾಳೆ. ಆ ಮೂರನೆಯವಳ ಸಮಯ ಯಾವ ಕಡತದಲ್ಲೂ ಇರುವುದಿಲ್ಲ.

ನನ್ನ ಶಾಲೆಯಲ್ಲಿ ಅಂಥ ಒಬ್ಬಳಿದ್ದಳು. ಹೆಸರು ಬೇಡ. ಬರಿಗಾಲಲ್ಲಿ ಸುಣ್ಣದ ಗೆರೆಯ ಮೇಲೆ ಓಡುವಳು. ಅವಳ ಕಾಲು ನೆಲಕ್ಕೆ ತಾಗಿ ಏಳುವ ರೀತಿ ನೋಡಿದರೆ ಓಟ ಬಲ್ಲ ಯಾರಿಗೂ ಗೊತ್ತಾಗುತ್ತಿತ್ತು. ಜಿಲ್ಲಾ ಕೂಟದಲ್ಲಿ ಮೂರನೆಯವಳಾದಳು. ಕ್ರೀಡಾ ವಸತಿ ನಿಲಯಕ್ಕೆ ಸೇರಿಸೋಣ ಅಂತ ಮನೆಗೆ ಹೋಗಿ ಕೇಳಿದೆ. ಅವಳ ಅಪ್ಪ ಒಳ್ಳೆಯ ಮನುಷ್ಯ. ‘ಮೇಷ್ಟ್ರೇ, ನಿಜವಾಗ್ಲೂ ಇವಳು ಅಷ್ಟು ಚೆನ್ನಾಗಿ ಓಡ್ತಾಳಾ? ಮೂರನೇದು ಬಂದಿದಾಳಲ್ವಾ?’ ಅಂದರು. ತೋರಿಸಲು ನನ್ನ ಹತ್ತಿರ ಒಂದು ಪ್ರಮಾಣಪತ್ರ ಇತ್ತು, ಅದರಲ್ಲಿ ‘ತೃತೀಯ’ ಅಂತ ಬರೆದಿತ್ತು. ರಾಜ್ಯದ ಅದೇ ವಯಸ್ಸಿನ ಹುಡುಗಿಯರಲ್ಲಿ ನಿಮ್ಮ ಮಗಳು ಇಷ್ಟನೆಯವಳು ಅಂತ ಹೇಳುವ ಒಂದು ಅಂಕಿ ಇದ್ದಿದ್ದರೆ ಆ ಮಾತುಕತೆ ಬೇರೆ ದಾರಿ ಹಿಡಿಯುತ್ತಿತ್ತು. ಎಸ್ಸೆಸ್ಸೆಲ್ಸಿ ಮುಗಿಯಿತು, ಓಟವೂ ಮುಗಿಯಿತು.

ವೇಗದ ಲೋಕದಲ್ಲಿ ಅಂಕಿಗೆ ಎಷ್ಟು ಬೆಲೆ ಅನ್ನುವುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಮಣಿಕಂಠ ಹೋಬಳಿದಾರ್. ಕರ್ನಾಟಕದ ಹುಡುಗ, ಆಗ ಸೇನಾಪಡೆಗಳ ಸರ್ವಿಸಸ್ ತಂಡದ ಪರ ಓಡುತ್ತಿದ್ದವರು. 2023ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲೇ ನಡೆದ ರಾಷ್ಟ್ರೀಯ ಓಪನ್ ಕೂಟದಲ್ಲಿ 100 ಮೀಟರನ್ನು 10.23 ಸೆಕೆಂಡಿನಲ್ಲಿ ಓಡಿ ರಾಷ್ಟ್ರೀಯ ದಾಖಲೆ ಮಾಡಿದರು. ಹಿಂದಿನ ದಾಖಲೆ 10.25. 2025ರ ಮಾರ್ಚ್‌ನಲ್ಲಿ ಮತ್ತೆ ಬೆಂಗಳೂರಿನಲ್ಲಿ ಗುರೀಂದರ್‌ವೀರ್ ಸಿಂಗ್ 10.20 ಓಡಿ ಆ ದಾಖಲೆ ಮುರಿದರು. ಅದೇ ಓಟದಲ್ಲಿ ಎರಡನೆಯವರಾಗಿ ಬಂದ ಮಣಿಕಂಠರ ಸಮಯ 10.22. ಅಂದರೆ ಅವರೂ ತಮ್ಮ ಹಳೆಯ ದಾಖಲೆಯನ್ನು ಮೀರಿದ್ದರು! ಸೋತ ದಿನವೇ ಅಲ್ಲಿವರೆಗಿನ ಅತ್ಯುತ್ತಮ ಓಟ. ಇಬ್ಬರ ನಡುವಿನ 0.02 ಸೆಕೆಂಡ್ ಅಂದರೆ ನೆಲದ ಮೇಲೆ ಹೆಚ್ಚುಕಡಿಮೆ ಒಂದು ಗೇಣು. ನನ್ನ ಕೈಯಲ್ಲಿರುವ ಸ್ಟಾಪ್‌ವಾಚ್‌ಗೆ ಆ ಗೇಣು ಕಾಣುವುದಿಲ್ಲ. ಎಲೆಕ್ಟ್ರಾನಿಕ್ ಕ್ಯಾಮೆರಾಗೆ ಕಂಡಿತು. ಅದರ ಮುಂದಿನ ತಿಂಗಳು ಚಂಡೀಗಢದಲ್ಲಿ ಗುರೀಂದರ್‌ವೀರ್, ಅನಿಮೇಶ್ ಕುಜೂರ್, ಮಣಿಕಂಠ, ಅಮ್ಲಾನ್ ಬೊರ್ಗೊಹಾಯ್ನ್ ಒಟ್ಟಿಗೆ ಓಡಿ 4x100 ಮೀಟರ್ ರಿಲೇಯಲ್ಲಿ 38.69 ಸೆಕೆಂಡಿನ ರಾಷ್ಟ್ರೀಯ ದಾಖಲೆ ಮಾಡಿದರು.

ಆ ಅನಿಮೇಶ್ ಕುಜೂರ್ ಕತೆಯನ್ನು ನಾನು ನನ್ನ ಮಕ್ಕಳಿಗೆ ಪದೇ ಪದೇ ಹೇಳುತ್ತೇನೆ. ಛತ್ತೀಸ್‌ಗಢದ ಹುಡುಗ. ಅಂಬಿಕಾಪುರದ ಸೈನಿಕ ಶಾಲೆಯಲ್ಲಿ ಫುಟ್‌ಬಾಲ್ ಆಡಿಕೊಂಡಿದ್ದ. ಓಟಕ್ಕೆ ಬಂದದ್ದು ತಡವಾಗಿ, ಬಹುಪಾಲು ಆಕಸ್ಮಿಕವಾಗಿ. ಆಮೇಲೆ ಭುವನೇಶ್ವರದಲ್ಲಿ ತರಬೇತಿ ಸಿಕ್ಕಿತು. 2025ರ ಜುಲೈನಲ್ಲಿ ಗ್ರೀಸ್‌ನಲ್ಲಿ 100 ಮೀಟರನ್ನು 10.18ರಲ್ಲಿ ಓಡಿದರು. ಏಷ್ಯನ್ ಚಾಂಪಿಯನ್‌ಶಿಪ್‌ನ 200 ಮೀಟರಿನಲ್ಲಿ 20.32 ಓಡಿ ಕಂಚು ಗೆದ್ದರು. ಮಕ್ಕಳಿಗೆ ಈ ಕತೆ ತುಂಬ ಇಷ್ಟ. ನನಗೂ ಇಷ್ಟ, ಆದರೆ ಕೇಳಿದಾಗಲೆಲ್ಲ ಭಯವೂ ಆಗುತ್ತದೆ. ಆ ಆಕಸ್ಮಿಕ ನಡೆಯದೇ ಹೋಗಿದ್ದರೆ? ನಮ್ಮ ಯಾದಗಿರಿಯಲ್ಲೋ ಚಾಮರಾಜನಗರದಲ್ಲೋ ಅಂಥ ಆಕಸ್ಮಿಕ ನಡೆಯದೆ ಹೋದವರು ಎಷ್ಟು ಜನ?

ರಕ್ಷಿತಾ ರಾಜು ಅವರ ಬಗ್ಗೆಯೂ ಒಂದು ಮಾತು. ಚಿಕ್ಕಮಗಳೂರು ಜಿಲ್ಲೆಯ ಹುಡುಗಿ, ಕಣ್ಣು ಕಾಣುವುದಿಲ್ಲ. ಚಿಕ್ಕಂದಿನಲ್ಲೇ ಅಪ್ಪ ಅಮ್ಮನನ್ನು ಕಳೆದುಕೊಂಡು ಅಜ್ಜಿಯ ಆಸರೆಯಲ್ಲಿ ಬೆಳೆದವರು. 2018ರ ಜಕಾರ್ತ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲೂ ಆಮೇಲೆ ಹಾಂಗ್‌ಝೌನಲ್ಲೂ 1500 ಮೀಟರಿನಲ್ಲಿ ಚಿನ್ನ ಗೆದ್ದರು. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಓಡಿದರು. ಅವರ ವಿಭಾಗದಲ್ಲಿ ಜತೆಗೊಬ್ಬ ಗೈಡ್ ಓಡುತ್ತಾರೆ, ಇಬ್ಬರ ಕೈಗೂ ಒಂದು ಚಿಕ್ಕ ದಾರ. ಗೈಡ್ ಎಳೆಯುವಂತಿಲ್ಲ, ಅವರಿಗಿಂತ ಮೊದಲು ಗೆರೆ ದಾಟುವಂತೆಯೂ ಇಲ್ಲ. ಪಕ್ಕದಲ್ಲಿ ಯಾರು ಎಷ್ಟು ಮುಂದಿದ್ದಾರೆ ಅಂತ ನೋಡಲಾಗದ ಓಟಗಾರ್ತಿಗೆ ತಾನು ನಿನ್ನೆಗಿಂತ ಇವತ್ತು ಚೆನ್ನಾಗಿ ಓಡಿದೆನಾ ಅಂತ ಹೇಳುವುದು ಗಡಿಯಾರ ಒಂದೇ. ಅಂಧ ಮಕ್ಕಳ ಶಾಲೆಗಳ ಓಟಗಳನ್ನೂ ಈ ವ್ಯವಸ್ಥೆಯೊಳಗೆ ತರಬೇಕು ಅಂತ ಅದಕ್ಕೇ ಒತ್ತಿ ಕೇಳುತ್ತಿದ್ದೇನೆ.

ವೇಗದ ಹುಚ್ಚಿರುವ ಇನ್ನೊಂದು ಗುಂಪು ರಾತ್ರಿ ಹೊತ್ತು ಫ್ಲೈಓವರ್‌ಗಳ ಮೇಲೆ ವೀಲಿಂಗ್ ಮಾಡುತ್ತದೆ. ಅದು ಗೃಹ ಸಚಿವರ ಖಾತೆ ಅಂತ ತಾವು ಹೇಳಬಹುದು. ಆದರೆ ಆ ವಯಸ್ಸಿನ ಹುಡುಗರಿಗೆ ‘ನಾನು ಎಷ್ಟು ಫಾಸ್ಟ್’ ಅಂತ ತೋರಿಸುವ ಆಸೆ ಸಹಜವಾದದ್ದು. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅದೇ ಆಸೆಯನ್ನು ರ‍್ಯಾಲಿ ಬೈಕಿಗೆ ತಂದರು. 2018ರಲ್ಲಿ ಸ್ಪೇನ್‌ನಲ್ಲಿ ಬಿದ್ದು ಗಂಭೀರ ಪೆಟ್ಟಾಯಿತು. ಮುಂದಿನ ವರ್ಷವೇ ವಾಪಸ್ ಬಂದು ಕಚ್ಚಾ ದಾರಿಯ ಬೈಕ್ ಓಟಗಳ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ರಸ್ತೆಯಲ್ಲಿ ಪ್ರಾಣ ಪಣಕ್ಕಿಡುವ ಹುಡುಗರಿಗೆ ಹೆಲ್ಮೆಟ್, ನಿಯಮ, ಸಮಯ ಮೂರೂ ಇರುವ ಜಾಗ ಬೇಕು. ಈ ವಿಷಯಕ್ಕೆ ಬೇರೆಯೇ ಪತ್ರ ಬೇಕಾಗುತ್ತದೆ.

ಈಗ ಕೆಲಸದ ಮಾತು. 31 ಜಿಲ್ಲೆಗಳಿಗೂ ಉಪಕರಣ ಕೊಳ್ಳಬೇಕಿಲ್ಲ. ನಮ್ಮಲ್ಲಿ 4 ಕಂದಾಯ ವಿಭಾಗಗಳಿವೆ: ಬೆಂಗಳೂರು, ಮೈಸೂರು, ಬೆಳಗಾವಿ, ಕಲಬುರಗಿ. ವಿಭಾಗಕ್ಕೊಂದು ಫೋಟೋ ಫಿನಿಶ್ ಕ್ಯಾಮೆರಾ (ಓಟಗಾರರು ಗೆರೆ ದಾಟುವ ಕ್ಷಣ ಸೆರೆಹಿಡಿಯುವುದು), ಗಾಳಿ ಅಳೆಯುವ ಮಾಪಕ, ಗುಂಡಿನ ಸದ್ದಿಗೇ ಗಡಿಯಾರ ಶುರುವಾಗುವ ಸೆನ್ಸರ್, ಒಂದು ವ್ಯಾನ್, ಅದನ್ನು ನಡೆಸಲು ತರಬೇತಾದ ಇಬ್ಬರು. ಜಿಲ್ಲಾ ಕೂಟಗಳನ್ನು ಒಂದೇ ವಾರದಲ್ಲಿ ತುರುಕದೆ, ದಿನಾಂಕ ಹಂಚಿಕೊಂಡು ನಡೆಸಿದರೆ ಆ ವ್ಯಾನ್ ಎಲ್ಲ ಜಿಲ್ಲೆಗೂ ತಲುಪುತ್ತದೆ.

ಮಗುವಿನ ಹೆಸರಿನ ಮುಂದೆ ಸಮಯ, ಗಾಳಿಯ ವೇಗ, ಮೈದಾನ ಮಣ್ಣಿನದೋ ಸಿಂಥೆಟಿಕ್ಕೋ ಅನ್ನುವುದು, ಇಷ್ಟು ಬರೆದಿಟ್ಟರೆ ಸಾಕು. ಪೋಷಕರಿಗೆ ತಮ್ಮ ಮಗುವಿನದು, ತರಬೇತುದಾರರಿಗೆ ಎಲ್ಲರದೂ ಕಾಣುವಂತಿರಲಿ. ಕ್ರೀಡಾ ಶಾಲೆ, ವಸತಿ ನಿಲಯಗಳ ಆಯ್ಕೆಗೆ ಆ ಪಟ್ಟಿಯಲ್ಲಿರುವ ಮೊದಲ ಐವತ್ತು ಮಕ್ಕಳನ್ನು ಇಲಾಖೆಯೇ ಪತ್ರ ಬರೆದು ಕರೆಯಲಿ. ಅರ್ಜಿ ಹಾಕಲು ಗೊತ್ತಿಲ್ಲದ ಮನೆಗಳ ಮಕ್ಕಳೇ ಜಾಸ್ತಿ ಕಳೆದುಹೋಗುವುದು.

ಒಂದು ತೊಡಕು ಇದೆ, ಅದು ತಮಗೂ ಗೊತ್ತಿರುತ್ತದೆ. ಶಾಲಾ ಕ್ರೀಡಾಕೂಟಗಳು ಶಾಲಾ ಶಿಕ್ಷಣ ಇಲಾಖೆಯವು. ದಸರಾ ಕ್ರೀಡಾಕೂಟ, ವಸತಿ ನಿಲಯಗಳು ತಮ್ಮ ಇಲಾಖೆಯವು. ಎರಡೂ ಕಡೆ ಓಡುವುದು ಅದೇ ಮಗು. ಎರಡು ಕಡತಗಳು ಮಾತ್ರ ಒಂದನ್ನೊಂದು ನೋಡುವುದಿಲ್ಲ. ತಾವಿಬ್ಬರೂ ಸಚಿವರು ಒಮ್ಮೆ ಕೂತು ಮಾತಾಡಿದರೆ ಬಗೆಹರಿಯುವ ವಿಷಯ ಇದು. ತಮ್ಮ ಮಟ್ಟದಲ್ಲಲ್ಲದೆ ಇನ್ನೆಲ್ಲೂ ಬಗೆಹರಿಯುವುದಿಲ್ಲ.

ಇನ್ನೊಂದು ಸಣ್ಣ ಕೋರಿಕೆ. ಸಿಂಥೆಟಿಕ್ ಟ್ರ್ಯಾಕ್ ಇರುವ ಊರುಗಳಲ್ಲಿ, ಮಂಗಳೂರಿನ ಮಂಗಳಾ ಕ್ರೀಡಾಂಗಣ, ಮೂಡುಬಿದಿರೆಯ ಸ್ವರಾಜ್ ಮೈದಾನ, ಉಡುಪಿಯ ಅಜ್ಜರಕಾಡು, ಮೈಸೂರಿನ ಚಾಮುಂಡಿ ವಿಹಾರದಂಥ ಕಡೆ, ಜಿಲ್ಲಾ ಕೂಟಗಳ ಓಟಗಳನ್ನು ಅಲ್ಲೇ ನಡೆಸಲಿ. ಹಳ್ಳಿ ಮಕ್ಕಳು ಒಮ್ಮೆಯಾದರೂ ಆ ಕೆಂಪು ಟ್ರ್ಯಾಕ್ ಮೇಲೆ ಓಡಲಿ.

ಮಳೆ ನಿಂತ ಮೇಲೆ ಈ ವರ್ಷದ ಜಿಲ್ಲಾ ಕೂಟಗಳು ಶುರುವಾಗುತ್ತವೆ. ಎಲ್ಲ ಜಿಲ್ಲೆಗೂ ಈ ವರ್ಷವೇ ಆಗದಿದ್ದರೆ ಒಂದು ವಿಭಾಗದಲ್ಲಾದರೂ ಶುರು ಮಾಡಿ. ಕಲಬುರಗಿಯಿಂದ ಶುರು ಮಾಡಿದರೆ ಇನ್ನೂ ಒಳ್ಳೆಯದು. ಯಂತ್ರ ನಡೆಸುವುದನ್ನು ಕಲಿಯಲು ದೈಹಿಕ ಶಿಕ್ಷಕರು ಬೇಕಾದರೆ ಭಾನುವಾರ, ರಜಾದಿನ ಎನ್ನದೆ ಬರುತ್ತೇವೆ. ಪಟ್ಟಿಯಲ್ಲಿ ಮೊದಲ ಹೆಸರು ನನ್ನದಿರಲಿ.

ತಮ್ಮ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಸರ್ಕಾರಿ ಪ್ರೌಢಶಾಲೆಯ ಒಬ್ಬ ದೈಹಿಕ ಶಿಕ್ಷಕ