ದರ್ಜೆ ಪಡೆದ ಕಾರ್ಡುಗಳ ಮರುಸಲ್ಲಿಕೆ: ಹಳೆಯ ಲೇಬಲ್ ಮರಳಲಿ

ಮಾನ್ಯ ಸಂಪಾದಕರೇ,

ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವ ಒಂದು ಸಂಸ್ಥೆಯಿಂದ ದರ್ಜೆ ಪಡೆದ ಕ್ರೀಡಾ ಕಾರ್ಡನ್ನು (ಆಟಗಾರರ ಚಿತ್ರವಿರುವ ಸಂಗ್ರಹದ ಕಾರ್ಡು) ಹೆಚ್ಚಿನ ಅಂಕದ ಅಥವಾ ಉತ್ತಮ ಮಾರಾಟ ಬೆಲೆಯ ಆಸೆಯಿಂದ ಮತ್ತೊಂದು ಸಂಸ್ಥೆಗೆ ಕಳುಹಿಸುವವರು ಎರಡು ದಾರಿಗಳ ವ್ಯತ್ಯಾಸವನ್ನು ಅರಿತಿರಬೇಕು. ಕಾರ್ಡನ್ನು ಮೊದಲ ಸಂಸ್ಥೆ ಹಾಕಿಕೊಟ್ಟ ಹಳೆಯ ಪ್ಲಾಸ್ಟಿಕ್ ಕವಚದಲ್ಲೇ ಸಲ್ಲಿಸಿ ತಮಗೆ ಬೇಕಾದ ಕನಿಷ್ಠ ದರ್ಜೆಯನ್ನು ನಮೂದಿಸಿದರೆ, ಆ ದರ್ಜೆ ಸಿಗದಿದ್ದಾಗ ಅದು ಹಾಗೆಯೇ ಮರಳುತ್ತದೆ. ಆದರೆ ಕವಚದ ಮೇಲಿನ ಗೀರು ಕಾರ್ಡಿನ ಮೇಲ್ಮೈಯನ್ನು ಮರೆಮಾಡುವುದರಿಂದ ಪರೀಕ್ಷಕರು ಇಲ್ಲಿ ಬಿಗಿಹಿಡಿಯುವುದು ಸಹಜ. ಕವಚ ಒಡೆದು ಬಿಡಿ ಕಾರ್ಡನ್ನು ಕಳುಹಿಸಿದರೆ ಆ ರಕ್ಷಣೆಯೇ ಇಲ್ಲ. ಒಡೆಯುವಾಗ ಮೂಲೆಯೊಂದು ಕೂದಲೆಳೆಯಷ್ಟು ಮಡಚಿದರೂ ಹಳೆಯ ದರ್ಜೆಯೂ ಕೈತಪ್ಪುತ್ತದೆ.

ನನ್ನನ್ನು ಹೆಚ್ಚು ಕಾಡುವುದು ದಾಖಲೆಯ ಪ್ರಶ್ನೆ. ಒಡೆದ ಕವಚದಲ್ಲಿದ್ದ, ದರ್ಜೆ ನಮೂದಿಸಿದ ಲೇಬಲ್ಲನ್ನು ಮೂಲ ಸಂಸ್ಥೆಗೆ ಮರಳಿಸದಿದ್ದರೆ ಯಾವ ದರ್ಜೆಯ ಕಾರ್ಡುಗಳು ಎಷ್ಟಿವೆ ಎಂದು ಸಂಸ್ಥೆಗಳು ಇಡುವ ಎರಡು ಪಟ್ಟಿಗಳಲ್ಲಿ ಒಂದೇ ಕಾರ್ಡು ಎಣಿಕೆಯಾಗುತ್ತದೆ, ಅದರ ಅಪರೂಪವನ್ನು ನಂಬಿ ಹಣ ತೆರುವ ಖರೀದಿದಾರನಿಗೆ ತಪ್ಪು ಚಿತ್ರ ಸಿಗುತ್ತದೆ. ದರ್ಜೆಯೂ ಅಂತಿಮ ಸತ್ಯವಲ್ಲ: ೧೯೯೧ರಲ್ಲಿ ದರ್ಜೆ ನೀಡುವ ಪಿಎಸ್‌ಎ ಸಂಸ್ಥೆ ಹತ್ತರಲ್ಲಿ ೮ ಅಂಕ ನೀಡಿದ, ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ಅವರ ಟಿ೨೦೬ ಸರಣಿಯ ಕಾರ್ಡಿನ ಅಂಚನ್ನು ಚೆನ್ನಾಗಿ ಕಾಣಲೆಂದು ಕತ್ತರಿಸಲಾಗಿತ್ತೆಂದು, ಅದನ್ನು ಹಿಂದೆ ಮಾರಿದ್ದ ಬಿಲ್ ಮಾಸ್ಟ್ರೊ ೨೦೧೩ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡರು.

ಆದ್ದರಿಂದ ಬಿಡಿ ಕಾರ್ಡಿನ ಹಿಂದಿನ ದರ್ಜೆ ತಿಳಿದಿರುವ ಮಾರಾಟಗಾರರು ಅದನ್ನು ಖರೀದಿದಾರರಿಗೆ ಮುಚ್ಚಿಡದೆ ಹೇಳಬೇಕು. ಸಂಸ್ಥೆಗಳು ಹಳೆಯ ಲೇಬಲ್‌ಗಳನ್ನು ಶುಲ್ಕವಿಲ್ಲದೆ ಸ್ವೀಕರಿಸಿ ತಮ್ಮ ಪಟ್ಟಿಯನ್ನು ತಕ್ಷಣ ತಿದ್ದಬೇಕೆಂದು ಕೋರುತ್ತೇನೆ.

ಇತಿ,
ಒಬ್ಬ ಕಾರ್ಡು ಸಂಗ್ರಾಹಕ